ತಂಡೇಲರ ಈಜು

ದೋಸೆಯ ಸಾಲಿನಲ್ಲಿ ನಿಂತಿದ್ದ ಕರುಣಾಕರರು ಬಾಯಿ ಮುಚ್ಚಿಕೊಂಡು ದೋಸೆ ತಕ್ಕೊಂಡು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಿಂದೆ ನಿಂತಿದ್ದ ದಪ್ಪ ಮೀಸೆಯವರೊಬ್ಬರು, "ತಾವು ಏನ್ ಮಾಡ್ಕೊಂಡಿದ್ದೀರ್ರಿ?" ಅಂತ ಕೇಳಿದರು. ಮೀನಿನ ವ್ಯಾಪಾರ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲೇ ಹೆಂಡತಿ ಕುಶಲಕ್ಕ ಚಟ್ನಿ ಬಡಿಸಿಕೊಳ್ಳುತ್ತಿದ್ದರು. ಹೆಂಡತಿಗೆ ಕೇಳಿಸುವ ದೂರದಲ್ಲಿ ಯಾವ ಗಂಡಸು ತನ್ನನ್ನು ಸಣ್ಣವನನ್ನಾಗಿ ಮಾಡಿಕೊಂಡಿದ್ದಾನೆ ಹೇಳಿ?

"ತಂಡೇಲ," ಅಂದರು ಕರುಣಾಕರರು. "ಮಲ್ಪೆಯಲ್ಲಿ ಮೂವತ್ತು ಜನರ ಬೋಟು. ನಡೆಸುವುದು ನಾನು."

ಮೀಸೆಯವರ ಹೆಸರು ಹನುಮಪ್ಪ. ಕೊಪ್ಪಳದ ಕಡೆಯವರು, ಮಣಿಪಾಲದಲ್ಲಿ ಹದಿನೆಂಟು ವರ್ಷಗಳಿಂದ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡಿಸುವವರು. ಹನ್ನೆರಡನೇ ಮಹಡಿಯ ಅಂಚಿನಲ್ಲಿ ನಿಂತು ಬೀಡಿ ಹಚ್ಚುವ ಧೈರ್ಯವಂತರು, ಸಮುದ್ರದಲ್ಲಿ ಮಾತ್ರ ಪಾದಕ್ಕಿಂತ ಮೇಲೆ ನೀರು ತಾಗಿಸಿಕೊಂಡವರಲ್ಲ. ಅವರು ಪ್ಲೇಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಮುಗಿದರು.

"ಅಂದ್ರ ಕ್ಯಾಪ್ಟನ್ ಅಂದಂಗಾತಲ್ರಿ! ನಡುಸಮುದ್ರದಾಗ! ಹಂಗಾರ ಈಜು ಅಂದ್ರ ನಿಮಗ ನೀರು ಕುಡಿದಂಗ ಇರಬೇಕು."

ಕುಶಲಕ್ಕ ಚಟ್ನಿಯಿಂದ ತಲೆಯೆತ್ತಿ ಗಂಡನನ್ನೇ ನೋಡಿದರು.

"ಈಜು ಎಂತ ಮಾರಾಯ್ರೆ," ಅಂದುಬಿಟ್ಟರು ಕರುಣಾಕರರು. "ನೀರೇ ನಮ್ಮ ಮನೆ ಅಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಕೆಂದರೆ ಕರುಣಾಕರ ತಂಡೇಲರಿಗೆ ಈಜು ಬರುತ್ತಿರಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. "ಈಜುವುದು ದೋಣಿಯ ಕೆಲಸ, ದೋಣಿಯಲ್ಲಿ ಕೂತವನದ್ದಲ್ಲ" ಅಂತ ಅವರ ಅಪ್ಪ ಹೇಳುತ್ತಿದ್ದರು. ಬೋಟಿನಲ್ಲಿ ಅವರಂಥವರು ಇನ್ನೂ ಹತ್ತು ಜನ ಇದ್ದರು, ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಇಪ್ಪತ್ತಾರು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಕುಶಲಕ್ಕ ಎರ್ಮಾಳಿನ ಮನೆಯ ಬಾಗಿಲಲ್ಲಿ ನಿಂತು, ಬೋಟಿಗೆ ಹೋಗುವುದು ಬೇಡ ಅಂತ ಅತ್ತಿದ್ದರು. ಆಗ ಕರುಣಾಕರರು, "ಬೋಟು ಒಡೆದರೂ ನಾನು ಈಜಿಕೊಂಡು ಕಾಪು ದೀಪಸ್ತಂಭದ ಹತ್ತಿರ ಹತ್ತಿ ಬರ್ತೇನೆ. ನೀನು ನೆಮ್ಮದಿಯಲ್ಲಿ ನಿದ್ದೆ ಮಾಡು" ಅಂದಿದ್ದರು. ಅಂದಿನಿಂದ ಕುಶಲಕ್ಕ ಅತ್ತದ್ದಿಲ್ಲ. ಬೋಟು ಹೊರಡುವ ದಿನ ಗಂಡ ಬಾಗಿಲು ದಾಟುವಾಗಲೇ ಅವರ ಗೊರಕೆ ಕೇಳುತ್ತಿತ್ತು. ಆ ಒಂದು ಸುಳ್ಳಿನ ಮೇಲೆ ಹೆಂಡತಿಯ ಇಪ್ಪತ್ತಾರು ವರ್ಷದ ನಿದ್ದೆ ನಿಂತಿದೆ ಅಂತ ಕರುಣಾಕರರಿಗೆ ಗೊತ್ತಿತ್ತು. ಇನ್ನು ಮೂರು ದಿನಕ್ಕೆ ಜುಲೈ ಮುಗಿಯುತ್ತದೆ, ಮೀನುಗಾರಿಕೆಯ ನಿಷೇಧ ಎದ್ದು ಬೋಟು ಹೊರಡುತ್ತದೆ. ಅಷ್ಟರೊಳಗೆ ಸುಳ್ಳು ಒಡೆಯಬಾರದು.

ಒಡೆಯುವುದಕ್ಕೆ ಬೇರೆ ಜಾಗ ಇರಲಿಲ್ಲ ಅಂತ ಕಾಣುತ್ತದೆ. ಪಡುಬಿದ್ರಿಯ ಬಲೆ ಅಂಗಡಿಯ ಲಕ್ಕಿ ಕೂಪನ್ನಿನಲ್ಲಿ ಕುಶಲಕ್ಕನಿಗೆ ಮೊದಲ ಬಹುಮಾನ ಬಂದಿತ್ತು, ಕಾರ್ಕಳದ ಬಂಡೆಗುಡ್ಡದ ಮೇಲಿನ 'ಕಡಲ ಕೌತುಕ' ಥೀಮ್ ಪಾರ್ಕ್ ರೆಸಾರ್ಟಿನಲ್ಲಿ ದಂಪತಿಗೆ ಮೂರು ರಾತ್ರಿ. ಮನೆಯ ಹಿತ್ತಲಲ್ಲೇ ಸಮುದ್ರ ಇಟ್ಟುಕೊಂಡವರು ಗುಡ್ಡ ಹತ್ತಿ ಸಮುದ್ರ ನೋಡಲು ಹೋಗುವುದೇ ಅಂತ ಊರೆಲ್ಲ ನಕ್ಕಿತು. ಕರುಣಾಕರರೂ ನಕ್ಕಿದ್ದರು, ಗೇಟಿನ ಒಳಗೆ ಕಾಲಿಡುವ ತನಕ.

ಒಳಗೆ ಮೂರು ಬಸ್ಸಿನ ಉದ್ದದ ತಿಮಿಂಗಿಲ ನಿಂತಲ್ಲೇ ಉಸಿರಾಡುತ್ತಿತ್ತು. ಗಾಜಿನ ಸುರಂಗದಲ್ಲಿ ನಡೆದರೆ ತಲೆಯ ಮೇಲೆ ಮೀನು ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಬೆರಗೆಂದರೆ ವೇವ್ ಪೂಲ್. ದಿನಕ್ಕೆ ಎರಡು ಸಲ ಸೈರನ್ ಕೂಗುತ್ತದೆ, ಯಾರೋ ಸ್ವಿಚ್ಚು ಒತ್ತುತ್ತಾರೆ, ಆಳೆತ್ತರದ ಅಲೆ ಎದ್ದು ಬರುತ್ತದೆ. ಹತ್ತು ನಿಮಿಷ ಆದೊಡನೆ ಅದೇ ಸ್ವಿಚ್ಚಿಗೆ ಸಮುದ್ರ ಸುಮ್ಮನಾಗುತ್ತದೆ. ಮೊದಲ ದಿನ ಅದನ್ನು ನೋಡಿದ ಕರುಣಾಕರರ ಕಣ್ಣು ತುಂಬಿತ್ತು. "ನಾವು ಮೂವತ್ತು ವರ್ಷದಿಂದ ದೇವರಲ್ಲಿ ಬೇಡುವುದು ಈ ಸ್ವಿಚ್ಚನ್ನೇ ಅಲ್ವಾ?" ಅಂದಿದ್ದರು.

"ಇಳಿಯುವಾ?" ಅಂತ ಕೇಳಿದ್ದರು ಕುಶಲಕ್ಕ. ಗಂಡನಿಗೆಂದು ಉಡುಪಿಯಿಂದ ಈಜುಚಡ್ಡಿ ಬೇರೆ ತಂದಿದ್ದರು. ಕರುಣಾಕರರು ಒಂದು ದಿನ ಮೊಣಕಾಲು ನೋವು ಅಂದರು, ಇನ್ನೊಂದು ದಿನ ಶೀತ ಅಂದರು. ಕೊಳದ ಕಾವಲಿನ ಹುಡುಗಿ ಜೆನಿಟಾ ಕೊರಳಲ್ಲಿ ಸೀಟಿ ಹಾಕಿಕೊಂಡು ಬಂದು, "ಅಂಕಲ್, ನಿಮ್ಮ ತೂಕ ಎಷ್ಟು?" ಅಂತ ಕೇಳಿ ಬರೆದುಕೊಂಡು ಹೋಗಿದ್ದಳು. ಮೇಲೆ ತಿರುಗುವ ತೊಟ್ಟಿಲು ತಡೆಯುತ್ತದಾ ಅಂತ ನೋಡಲಿಕ್ಕಿರಬೇಕು ಅಂದುಕೊಂಡಿದ್ದರು ಕರುಣಾಕರರು.

ಅಂತೂ ಎರಡು ದಿನ ಕಳೆದಿತ್ತು. ಇವತ್ತೊಂದು ದಿನ ದಾಟಿದರೆ ನಾಳೆ ಊಟ ಮಾಡಿ ಊರಿಗೆ. ಅಷ್ಟರಲ್ಲಿ ಈ ದೋಸೆಯ ಸಾಲು.

ಹನ್ನೊಂದು ಗಂಟೆಗೆ ತಿಮಿಂಗಿಲದ ಬಾಯಿಯೊಳಗಿನಿಂದ ಧ್ವನಿವರ್ಧಕ ಕೂಗಿತು. ಕಾರ್ಯಕ್ರಮ ನಡೆಸಿಕೊಡುವ ಡೆನ್ವರನ ದನಿ. "ಇಂದು ಸಂಜೆ ನಾಲ್ಕು ಗಂಟೆಗೆ ವಿಶೇಷ ಆಕರ್ಷಣೆ! ಅರಬ್ಬೀ ಸಮುದ್ರದ ಹುಲಿ, ಕ್ಯಾಪ್ಟನ್ ಕರುಣಾಕರ ಅವರು ನಮ್ಮ ಅತಿ ದೊಡ್ಡ ಅಲೆಯನ್ನು ಈಜಿ ದಾಟಲಿದ್ದಾರೆ!"

ಕರುಣಾಕರರ ಕೈಯ ಎಳನೀರು ಅಲ್ಲೇ ನಿಂತಿತು. ಹನುಮಪ್ಪ ಓಡಿ ಬಂದರು. "ನಾನ ಹೇಳಿ ಬಂದೆ ನೋಡ್ರಿ! ಇಂಥಾ ದೊಡ್ಡೋರು ಬಂದು ಸುಮ್ಮನ ಹೋದ್ರ ನಮಗ ಪಾಪ ಸುತಗೊಳ್ಳತೈತಿ."

ಕರುಣಾಕರರು ನೇರ ಡೆನ್ವರನಲ್ಲಿಗೆ ಹೋದರು. "ಆಗುವುದಿಲ್ಲ ಮಾರಾಯ. ಜುಲೈ ಮೂವತ್ತೊಂದರವರೆಗೆ ಸರಕಾರದ ನಿಷೇಧ ಉಂಟು. ನಾವು ನೀರಿಗೆ ಇಳಿಯುವ ಹಾಗಿಲ್ಲ."

ಹನುಮಪ್ಪ ಬೆರಗಾದರು. "ಇಂಥಾ ಸಣ್ಣ ನೀರಿಗೂ ಏನ್ರಿ?"

"ನೀರು ನೀರೇ ಅಲ್ವಾ? ಕಾನೂನು ಅಂದ್ರೆ ಕಾನೂನು."

ಬೇರೆ ಊರಿನವನಾಗಿದ್ದರೆ ನಂಬುತ್ತಿದ್ದ. ಡೆನ್ವರ ಕಲ್ಯಾಣಪುರದವನು, ಅವನ ಮಾವನಿಗೂ ನಾಡದೋಣಿ ಇತ್ತು. "ಅದು ದೊಡ್ಡ ಇಂಜಿನ್ನಿಗೆ ಅಂಕಲ್," ಅಂದ. "ಹತ್ತು ಎಚ್‌ಪಿ ಒಳಗಿನದ್ದಕ್ಕೆ ಅಡ್ಡಿ ಇಲ್ಲ. ನೀವು ಎಷ್ಟು ಎಚ್‌ಪಿ?"

ಉಳಿದ ದಾರಿ ಆಕಾಶ ಒಂದೇ. ಗುಡುಗು ಮಿಂಚು ಇದ್ದರೆ ಕೊಳ ಮುಚ್ಚುತ್ತಾರೆ ಅಂತ ಬೋರ್ಡಿತ್ತು. ಕರುಣಾಕರರು ಬಂಡೆ ಹತ್ತಿ ಪಡುವಣ ಮೋಡ ನೋಡಿದರು, ಗಾಳಿಯ ವಾಸನೆ ಹಿಡಿದರು. ಈಜು ಬಾರದಿದ್ದರೇನು, ಮೋಡ ಓದುವುದರಲ್ಲಿ ಅವರನ್ನು ಮೀರಿಸಿದವರು ಮಲ್ಪೆಯಲ್ಲಿಲ್ಲ. "ಮೂರೂವರೆಗೆ ಹಿಡಿದು ಹೊಡೆಯುತ್ತದೆ," ಅಂತ ಘೋಷಿಸಿ ಸಂತೋಷದಿಂದ ಗಂಜಿ ಊಟ ಮಾಡಿದರು.

ಮೂರೂವರೆಗೆ ಸರಿಯಾಗಿ ಮಳೆ ಬಂತು. ಹೊಡೆದದ್ದೂ ಹೌದು. ಆದರೆ ಒಂದು ಮಿಂಚಿಲ್ಲ, ಒಂದು ಗುಡುಗಿಲ್ಲ. ಹತ್ತು ನಿಮಿಷಕ್ಕೆ ತೊಳೆದಿಟ್ಟಂತೆ ನಿಂತೂ ಹೋಯಿತು. ಗಡಿಯಾರ ಹಿಡಿದು ಕೂತಿದ್ದ ಹನುಮಪ್ಪ ಹೆಂಡತಿಯತ್ತ ತಿರುಗಿದರು. "ರಾಚವ್ವಾ, ಮನುಷ್ಯಾ ಅಲ್ಲ ಇವರು. ಮಳಿ ಇವರ ಮಾತು ಕೇಳತೈತಿ!" ಸುದ್ದಿ ರೂಮಿನಿಂದ ರೂಮಿಗೆ ಹರಡಿತು. ಬೆಳಿಗ್ಗೆ ಕ್ಯಾಪ್ಟನ್ ಆಗಿದ್ದವರನ್ನು ಈಗ ಜನ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು.

ಕರುಣಾಕರರು ತಪ್ಪಿಸಿಕೊಂಡು ಮೀನಿನ ಸುರಂಗಕ್ಕೆ ನುಗ್ಗಿದರು. ಅಲ್ಲಿ ಕುಶಲಕ್ಕ ಒಬ್ಬರೇ ಗಾಜಿಗೆ ಹಣೆ ಒತ್ತಿ ನಿಂತಿದ್ದರು. ಒಂದು ದೊಡ್ಡ ತೊರಕೆ ಮೀನು ಎರಡೂ ರೆಕ್ಕೆ ಬಡಿಯುತ್ತ, ಯಾವ ಅವಸರವೂ ಇಲ್ಲದೆ, ಅವರ ತಲೆಯ ಮೇಲಿಂದ ದಾಟಿತು.

"ಸಂತೆಕಟ್ಟೆಯಲ್ಲಿ ಮೀನು ಮಾರಲು ಕೂತು ಇಂಥದ್ದನ್ನು ಎಷ್ಟು ಸಾವಿರ ಕೊಯ್ದು ಕೊಟ್ಟೆ," ಅಂದರು ಕುಶಲಕ್ಕ ಮೆಲ್ಲಗೆ. "ಸತ್ತದ್ದನ್ನು ಮಾತ್ರ ನೋಡಿದ್ದು. ಬದುಕಿದ್ದಾಗ ಇಷ್ಟು ಚಂದ ಅಂತ ನನಗೆ ಗೊತ್ತೇ ಇರ್ಲಿಲ್ಲ. ಈಜುವುದು ಅಂದ್ರೆ ಎಂಥ ದೊಡ್ಡ ವಿದ್ಯೆ ಅಲ್ವಾ?"

ನೀಲಿ ಬೆಳಕಿನಲ್ಲಿ ಹೆಂಡತಿಯ ಮುಖ ನೋಡಿ ಕರುಣಾಕರರಿಗೆ ಒಮ್ಮೆಲೇ ಎಲ್ಲ ಹೇಳಿಬಿಡುವ ಅನ್ನಿಸಿತು. "ಕುಶಲಾ, ಒಂದು ವಿಷಯ ಉಂಟು," ಅಂದರು.

"ಹೇಳಿ."

"ಇಲ್ಲೇ ಅದಾರ ನೋಡ್ರಿ ಕ್ಯಾಪ್ಟನ್!" ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವಂತೆ ಹನುಮಪ್ಪ ಸುರಂಗದ ಬಾಯಲ್ಲಿ ನಿಂತಿದ್ದರು. ಅವರ ಹಿಂದೆ ಹತ್ತು ಮೊಬೈಲು.

ಈಜುಚಡ್ಡಿ ಹಾಕಿಸಿಕೊಂಡು, ಮೆರವಣಿಗೆಯಲ್ಲಿ ಬಂದ ಕರುಣಾಕರರು ಮೆಟ್ಟಿಲು ಇಳಿದು ಸೊಂಟದ ನೀರಿನಲ್ಲಿ ನಿಂತರು. ಸೈರನ್ ಕೂಗಿತು. ಎದುರಿನ ಗೋಡೆಯಿಂದ ನೀರು ಬೆನ್ನು ಎತ್ತಿತು. ಬೋಟಿನ ಮೇಲಿನಿಂದ ಇದರ ನಾಲ್ಕು ಪಾಲು ದೊಡ್ಡದನ್ನು ಅವರು ಎಲೆ ಅಡಿಕೆ ಜಗಿಯುತ್ತ ನೋಡಿದ್ದರು. ಬೋಟಿಲ್ಲದೆ ಕೆಳಗಿನಿಂದ ನೋಡುವುದು ಇದೇ ಮೊದಲು. ಅಬ್ಬಾ, ಎಷ್ಟು ದೊಡ್ಡದು ಅಂತ ಅವರು ಬಾಯಿ ಬಿಟ್ಟರು. ಅಲೆ ನೇರ ಆ ಬಾಯಿಗೇ ಬಂತು.

ಆಮೇಲೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ತಿಳಿಯಲಿಲ್ಲ. ಕ್ಲೋರಿನ್ ನೀರು ಹೊಟ್ಟೆಗೆ ಹೋಯಿತು. ಕೈಗೆ ಸಿಕ್ಕಿದ್ದನ್ನು ಹಿಡಿದರು, ಅದು ಯಾವುದೋ ಮಗುವಿನ ಗಾಳಿ ತುಂಬಿದ ಬಾತುಕೋಳಿ. ಅದನ್ನು ಅಪ್ಪಿಕೊಂಡು, "ಬಲೆ ಎಳೆಯಿರಿ! ಇಂಜಿನ್ ಆಫ್ ಮಾಡಿ!" ಅಂತ ಮೂವತ್ತು ಜನರಿಗೆ ಕೇಳಿಸುವ ಹಾಗೆ ಕೂಗಿದರು. ಸೀಟಿ ಊದಿ ಹಾರಿದ ಜೆನಿಟಾ ಅವರ ಕಿವಿಯ ಹತ್ತಿರ ಬಂದು ಹೇಳಿದಳು. "ಅಂಕಲ್, ನಿಂತುಕೊಳ್ಳಿ."

ನಿಂತರು. ನೀರು ಎದೆಯವರೆಗಿತ್ತು.

ಎಲ್ಲ ಮುಗಿಯಿತು ಅಂತ ಕರುಣಾಕರರು ಕಣ್ಣು ಮುಚ್ಚಿದರು. ಆಗ ಹನುಮಪ್ಪನ ಗಂಟಲು ಬಿರಿಯಿತು. "ನೋಡಿದ್ರೇನು? ಮುಳುಗೋ ಮನುಷ್ಯಾ ಹೆಂಗ ಒದ್ದಾಡ್ತಾನಂತ ಕ್ಯಾಪ್ಟನ್ನರು ಮಾಡಿ ತೋರಿಸಿದ್ರು! ಥೇಟ್ ಹಂಗ!"

ಡೆನ್ವರನಿಗೆ ಅಷ್ಟು ಸಾಕಾಯಿತು. "ಜೀವರಕ್ಷಣೆಯ ಜಾಗೃತಿ ಪ್ರಾತ್ಯಕ್ಷಿಕೆ! ಒಂದು ಜೋರಾದ ಚಪ್ಪಾಳೆ!" ಗುಡ್ಡವೇ ಚಪ್ಪಾಳೆ ತಟ್ಟಿತು. ಕರುಣಾಕರರು ಕಣ್ಣುಜ್ಜಿ ಹೆಂಡತಿಯನ್ನು ಹುಡುಕಿದರು. ಕುಶಲಕ್ಕನೂ ತಟ್ಟುತ್ತಿದ್ದರು. ಸುಳ್ಳು ಬದುಕಿತ್ತು.

ರೂಮಿಗೆ ಬಂದು ಬಿಸಿ ಚಹಾ ಕುಡಿಯುವಾಗ ಕರುಣಾಕರರ ಎದೆ ಮತ್ತೆ ಹಳೆಯ ಅಳತೆಗೆ ಬಂದಿತ್ತು. "ನೋಡಿದೆಯಾ ಕುಶಲಾ? ಸ್ವಲ್ಪ ಹೆಚ್ಚೇ ನಟನೆ ಮಾಡಿದೆ ಕಾಣ್ತದೆ."

"ನೋಡಿದೆ," ಅಂದ ಕುಶಲಕ್ಕ ಚೀಲಕ್ಕೆ ಕೈ ಹಾಕಿ ಎರಡು ಕಿತ್ತಳೆ ಬಣ್ಣದ ವಸ್ತು ತೆಗೆದು ಮಂಚದ ಮೇಲಿಟ್ಟರು. ಮಕ್ಕಳು ತೋಳಿಗೆ ಕಟ್ಟಿಕೊಳ್ಳುವ ತೇಲುಪಟ್ಟಿ, ಆದರೆ ದೊಡ್ಡ ಅಳತೆಯದ್ದು.

"ನಾಳೆ ಬೆಳಿಗ್ಗೆ ಆರು ಗಂಟೆಗೆ ಸಣ್ಣ ಕೊಳದಲ್ಲಿ ಜೆನಿಟಾ ಈಜು ಹೇಳಿಕೊಡ್ತಾಳೆ. ಅವಳ ತಾಯಿ ನನ್ನ ಹತ್ತಿರವೇ ಮೀನು ತೆಗೆದುಕೊಳ್ಳುವುದು. ನಿಮ್ಮ ತೂಕಕ್ಕೆ ಸರಿಯಾದದ್ದು ತರಿಸಿಟ್ಟಿದ್ದಾಳೆ."

ಕರುಣಾಕರರ ಚಹಾ ಲೋಟ ಅರ್ಧ ದಾರಿಯಲ್ಲಿ ನಿಂತಿತು. "ಹಾಗಾದ್ರೆ ಲಕ್ಕಿ ಕೂಪನ್?"

"ಬಲೆ ಅಂಗಡಿಯವನು ಯಾವಾಗ ಯಾರಿಗೆ ಎಂತ ಕೊಟ್ಟಿದ್ದಾನೆ? ನಾನೇ ಬುಕ್ ಮಾಡಿದ್ದು. ಎರ್ಮಾಳಿನಲ್ಲಿ ಕಲಿಯಿರಿ ಅಂದ್ರೆ ನಿಮ್ಮ ಮರ್ಯಾದೆ ಹೋಗ್ತದಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

"ಮದುವೆಯಾದ ವರ್ಷವೇ. ಸಮುದ್ರಪೂಜೆಯ ದಿನ ಎಲ್ಲರೂ ಎದೆಯ ನೀರಿಗೆ ಹೋಗಿ ಕಾಯಿ ಬಿಟ್ಟರು. ನೀವು ಮೊಣಕಾಲಿನ ನೀರಿನಿಂದಲೇ ಬಿಸಾಡಿದಿರಿ. ನಾನು ನಿದ್ದೆ ಮಾಡ್ಲಿ ಅಂತ ನೀವು ಸುಳ್ಳು ಹೇಳಿದಿರಿ. ನೀವು ನೆಮ್ಮದಿಯಲ್ಲಿ ಹೋಗ್ಲಿ ಅಂತ ನಾನು ಗೊರಕೆ ಹೊಡೆದೆ. ಇಪ್ಪತ್ತಾರು ವರ್ಷದಲ್ಲಿ ನೀವು ನೀರಲ್ಲಿದ್ದ ಒಂದು ರಾತ್ರಿಯೂ ನಾನು ಕಣ್ಣು ಮುಚ್ಚಲಿಲ್ಲ." ಕುಶಲಕ್ಕ ತೇಲುಪಟ್ಟಿಗಳನ್ನು ಗಂಡನ ಕಡೆ ತಳ್ಳಿದರು. "ನಾಲ್ಕು ಕೈ ಹೊಡೆಯಲಿಕ್ಕಾದ್ರೂ ಕಲಿಯಿರಿ ಮಾರಾಯ್ರೆ. ನನಗೆ ಸಾಕಾಯ್ತು."

ಮೂರು ದಿನದಲ್ಲಿ ತಿಮಿಂಗಿಲ, ಸ್ವಿಚ್ಚಿನ ಸಮುದ್ರ, ತಲೆಯ ಮೇಲೆ ಹಾರುವ ಮೀನು ಎಲ್ಲ ನೋಡಿದ್ದ ಕರುಣಾಕರರು ಹೆಂಡತಿಯನ್ನು ಇವತ್ತು ಮೊದಲ ಸಲ ನೋಡಿದವರಂತೆ ನೋಡಿದರು. ಎಂಥ ಹೆಂಗಸು! ಎಂಥ ಗೊರಕೆ! ಅವರ ಕಣ್ಣಲ್ಲಿ ನೀರು ಬಂತು. "ಕಲಿಯುತ್ತೇನೆ," ಅಂದರು. "ಯಾರೂ ಏಳುವ ಮೊದಲು ಹೋಗುವ."

ಮರುದಿನ ಆರು ಗಂಟೆಗೆ, ತೇಲುಪಟ್ಟಿಗಳನ್ನು ಟವೆಲಿನಡಿ ಅಡಗಿಸಿಕೊಂಡು, ಜಿನುಗು ಮಳೆಯಲ್ಲಿ ಸಣ್ಣ ಕೊಳಕ್ಕೆ ಹೋದರೆ ಅಲ್ಲಿ ಹನುಮಪ್ಪ ಚೌಕುಳಿ ಚಡ್ಡಿಯಲ್ಲಿ ನಿಂತಿದ್ದರು. ಅವರ ಹಿಂದೆ ಸಾಲಾಗಿ ಹದಿನೈದು ಗಂಡಸರು.

"ಆರಕ್ಕ ನೀವು ಇಲ್ಲಿ ಬರ್ತೀರಂತ ಜೆನಿಟಾ ಬಾಯಿ ಅಂದ್ರು. ಕ್ಯಾಪ್ಟನ್ ಬರೂದಂದ್ರ ಕಲಸಾಕ ಅಲ್ಲೇನ್ರಿ? ಎಲ್ಲಾರನ್ನೂ ಎಬ್ಬಿಸಿಕೊಂಡು ಬಂದೆ."

ಕರುಣಾಕರರು ಹೆಂಡತಿಯನ್ನು ನೋಡಿದರು. ಇಪ್ಪತ್ತಾರು ವರ್ಷದ ಭಾರ ಇಳಿಸಿಬಿಡುವ ಅನ್ನಿಸಿತು. ಉಸಿರು ತೆಗೆದುಕೊಂಡು ಗಟ್ಟಿಯಾಗಿ ಹೇಳಿದರು. "ನೋಡಿ, ನನಗೆ ಈಜು ಬರುವುದೇ ಇಲ್ಲ."

ಹದಿನೈದು ಜನ ಚಪ್ಪಾಳೆ ಹೊಡೆದರು. "ಕಲಿಯೋರಿಗೆ ನಾಚಿಕಿ ಆಗಬಾರದಂತ ಹೆಂಗ ಅಂದ್ರು ನೋಡ್ರಿ!" ಅಂದರು ಹನುಮಪ್ಪ ಹಿಂದಿನವರತ್ತ ತಿರುಗಿ. ಕುಶಲಕ್ಕ ಟವೆಲು ಸರಿಸಿ ಗಂಡನ ತೋಳಿಗೆ ಪಟ್ಟಿ ಕಟ್ಟಿದಾಗ ಹನುಮಪ್ಪ ಕೈ ಮುಗಿದೇಬಿಟ್ಟರು. "ತಾವ ಮೊದಲ ಕಟಗೊಂಡ್ರು! ನಮಗೂ ಕೊಡ್ರವ್ವಾ!"

ಜೆನಿಟಾ ಹದಿನಾರು ಜೊತೆ ಪಟ್ಟಿ ಹಂಚಿ ಎಲ್ಲರನ್ನೂ ನೀರಿಗಿಳಿಸಿದಳು. ಕುಶಲಕ್ಕ ಸೀರೆಯಲ್ಲೇ ಸೊಂಟದ ನೀರಿಗೆ ಇಳಿದು ಗಂಡನ ಕೈ ಹಿಡಿದರು. "ಕಾಲು ಬಿಡಿ," ಅಂದರು. "ನಾನಿದ್ದೇನೆ."

ಕರುಣಾಕರರು ಕಾಲು ಬಿಟ್ಟರು. ಸೊಂಟ ಮೇಲೆ ಬಂತು, ತಲೆ ಕೆಳಗೆ ಹೋಯಿತು, ಕೈಗಳು ಆಕಾಶ ಹಿಡಿಯಲು ನೋಡಿದವು, ಗುಳುಗುಳು ಅಂತ ಒಂದು ಸದ್ದು ಬಂತು.

ಅವರ ಹಿಂದೆ ಹದಿನಾರು ಜನ, ಒಂದಿಷ್ಟೂ ತಪ್ಪದೆ, ಹಾಗೇ ಮುಳುಗಿದರು.