ವಿಮಾನದ ಚಕ್ರಕ್ಕೆ ನನ್ನ ಸಹಿ

ವಿಮಾನದ ಸಾಫ್ಟ್‌ವೇರ್ ತಪ್ಪು ಮಾಡಲ್ಲ ಅಂತ ಗಣಿತದಿಂದ ಸಾಧಿಸಿ ಸಹಿ ಹಾಕೋದು ನನ್ನ ಕೆಲಸ. ಆಫೀಸು ನಂಜನಗೂಡಿನಲ್ಲಿ. ಕಂಪ್ಯೂಟರಿನ ಎಡವಟ್ಟು ಹೇಗೋ ಸಿಕ್ಕಿಬಿಡುತ್ತೆ. ಮನುಷ್ಯರದ್ದೇ ಫಜೀತಿ, ವಾರಕ್ಕೊಂದು ಗ್ಯಾರಂಟಿ.

೧. ಜಾತಕ

ಸೋಸಲೆಯ ದೊಡ್ಡಪ್ಪ ಒಮ್ಮೆ ಕೇಳಿದರು, "ಇಮಾನಾನ ಮೇಲಕ್ಕೇ ಬಿಡ್ದೆ ಎಂಗವ್ವ ಸರಿ ಅಂತೀಯೆ?"

"ಏನೇನಾಗಬಹುದೋ ಅಷ್ಟನ್ನೂ ಮೊದ್ಲೇ ಲೆಕ್ಕ ಹಾಕಿ ನೋಡ್ತೀವಿ ದೊಡ್ಡಪ್ಪ. ಒಂದೂ ಬಿಡಲ್ಲ."

"ಓ, ಜಾತಕ ನೋಡ್ದಂಗೆ ಅನ್ನು." ಅಡುಗೆಮನೆ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಉಸಾರು ಕಣವ್ವ. ನಂದೂ ನಿಮ್ಮ ದೊಡ್ಡವ್ವಂದೂ ಎಲ್ಲಾ ಕೂಡಿತ್ತು."

೨. ಬಲಗಡೆ ಹೂವು

ಚಕ್ರ ಇಳಿಸಿ ಮಡಚುವ ಪ್ರೋಗ್ರಾಮಿನಲ್ಲಿ ಈ ಲೆಕ್ಕ ಹಾಕುವ ನಮ್ಮ ಟೂಲ್ ಒಂದು ತಪ್ಪು ಹಿಡಿಯಿತು. ವಿಮಾನ ನೆಲದ ಮೇಲೆ ನಿಂತಿರುವಾಗಲೇ ಪೈಲಟ್ ಲಿವರ್ ಎಳೆದರೆ ಚಕ್ರ ಮಡಚಿಕೊಳ್ಳುತ್ತೆ. ಒಳಗೆ ಜನ ಇರ್ತಾರೆ ಕಣ್ರೀ! ಸಹಿ ಹಾಕಲ್ಲ ಅಂದುಬಿಟ್ಟೆ.

ಸೋಮವಾರ ತಪಾಸಣೆ ಅಧಿಕಾರಿ ಬರೋರಿದ್ದರು. ಮ್ಯಾನೇಜರಿಗೆ ತಡೆಯಲಾರದ ಸಿಟ್ಟು. ಮಾರನೆಯ ದಿನ ಹಣೆತುಂಬ ಕುಂಕುಮ ಇಟ್ಟುಕೊಂಡು ಬಂದರು.

"ಅಮ್ಮನ ಗುಡೀಲಿ ಪ್ರಸಾದ ಕೇಳ್ದೆ ಕಣ್ರೀ. ಬಲಗಡೆ ಹೂವೇ ಬಿತ್ತು! ಹಾಕಿ ಸಹಿ."

"ಎಡಗಡೆ ಬಿದ್ದಿದ್ರೆ ಸಾರ್?"

"ಎರಡು ಸಲ ಬಿತ್ತು. ಬಲಗಡೆ ಬೀಳೋವರ್ಗೂ ಬಿಡ್ತೀನೇನ್ರೀ ನಾನು?"

೩. ಷರತ್ತು

ಅದಕ್ಕೂ ನಾನು ಜಗ್ಗಲಿಲ್ಲ. ಆಗ ಮ್ಯಾನೇಜರು ಬೇರೆ ದಾರಿ ಹಿಡಿದರು. ನಮ್ಮ ಟೂಲಿಗೆ ಮೊದಲೇ ಕೆಲವು ಷರತ್ತು ಬರೆದುಕೊಡಬಹುದು. ಏನು ಬರೆದರೂ ಪಾಪ, ನಿಜ ಅಂತಲೇ ನಂಬುತ್ತೆ. "ಪೈಲಟ್ ನೆಲದ ಮೇಲೆ ಲಿವರ್ ಮುಟ್ಟಲ್ಲ" ಅಂತ ಬರೆದರು. ಇಳಿಯುವಾಗ ಕರೆಂಟ್ ಕೈಕೊಟ್ಟರೆ ಚಕ್ರ ಬರಲ್ಲ ಅಂತ ಟೂಲ್ ಇನ್ನೊಂದು ತಪ್ಪು ತೋರಿಸಿತು. "ಕರೆಂಟ್ ಹೋಗಲ್ಲ" ಅಂತ ಬರೆದರು. ನಂಜನಗೂಡಿನಲ್ಲಿ ಕೂತು ಹಾಗೆ ಬರೆಯೋಕೆ ಗುಂಡಿಗೆ ಬೇಕು ಬಿಡಿ.

ತಪ್ಪಿಗೊಂದು ಷರತ್ತು ಸೇರಿಸುತ್ತಾ ಸೇರಿಸುತ್ತಾ ಕೊನೆಗೆ ತಪ್ಪೇ ಇಲ್ಲ ಅಂತ ಟೂಲ್ ಹಸಿರು ತೋರಿಸಿತು. ಆಫೀಸಿಗೆಲ್ಲ ಮೈಸೂರ್ ಪಾಕ್! ನನ್ನ ಸಹಿಯ ಜಾಗ ಮಾತ್ರ ಖಾಲಿ.

ಸೋಮವಾರ ಬಂದ ಅಧಿಕಾರಿ, ಸಹಿ ಯಾಕಿಲ್ಲ ಅಂದರು. "ಷರತ್ತು ಓದಿ ಸಾರ್" ಅಂದೆ. ಕೆಲಸ ಹೋದರೆ ಹೋಗಲಿ ಅಂತ ಗಟ್ಟಿಮನಸ್ಸು ಮಾಡಿದ್ದೆ.

ಅವರು ಕನ್ನಡಕ ಏರಿಸಿ ಓದಿದರು. "ಅಲ್ರೀ, ಚಕ್ರ ಯಾವತ್ತೂ ನೆಲ ಬಿಡಲ್ಲ ಅಂತ ಬರ್ದಿದೀರ. ಹಾಗಾದ್ರೆ ವಿಮಾನ ಹಾರೋದೇ ಇಲ್ವಲ್ಲ? ಮೊದಲು ಪ್ರೋಗ್ರಾಮ್ ತಿದ್ದಿ" ಅಂತ ಫೈಲು ನನ್ನ ಕೈಗೇ ಕೊಟ್ಟರು. ಹೋದ ಜೀವ ಬಂದಂತಾಯಿತು.

ಮ್ಯಾನೇಜರು ಸುಮ್ಮನಿರಬೇಕಲ್ಲ! ಎದೆಯುಬ್ಬಿಸಿ ಮುಂದೆ ಬಂದರು.

"ಹಾರಿದ್ರೆ ತಾನೇ ಸಾರ್, ಬೀಳೋದು?"