ಕರೆ ಮಾಡಲು ಅನುಮತಿ ಇಲ್ಲ

ನನ್ನ ಕೆಲಸದಲ್ಲಿ ಎದೆ ಡವಡವ ಅನ್ನದೆ ಒಂದು ತಿಂಗಳು ಕಳೆಯಿತೆಂದರೆ, ಎಲ್ಲೋ ಏನೋ ತಪ್ಪಾಗಿದೆ, ನನಗಿನ್ನೂ ಗೊತ್ತಾಗಿಲ್ಲ ಎಂದೇ ಲೆಕ್ಕ.

ಶಿರಸಿಯ ಒಂದು ದೂರವಾಣಿ ಕಚೇರಿಯಲ್ಲಿ ನಾನು ಗುಂಪು ಸಿಮ್‌ಗಳನ್ನು ನೋಡಿಕೊಳ್ಳುವವಳು. ಜನ ಇದಕ್ಕೆ ಸಿಯುಜಿ ಅನ್ನುತ್ತಾರೆ. ಒಂದು ಸಂಸ್ಥೆಯ ನೌಕರರ ನಂಬರುಗಳನ್ನೆಲ್ಲ ಸೇರಿಸಿ, ಸುತ್ತ ಬೇಲಿ ಹಾಕಿದ ಹಾಗೆ ಒಂದು ಗುಂಪು ಮಾಡುವುದು. ಒಳಗಿನವರು ಯಾರಿಗೆ ಫೋನ್ ಮಾಡಬಹುದು, ಹೊರಗಿನ ಯಾರ ಫೋನು ಒಳಗೆ ಬರಬಹುದು ಎಂದು ಪಟ್ಟಿ ಬರೆಯುವುದು ನಾನು. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೂ ಸಾಕು, ಯಾರದೋ ಮನೆಯಲ್ಲಿ ಗಲಾಟೆ.

ಮ್ಯಾನೇಜರರ ಧೈರ್ಯ

ಸಿದ್ದಾಪುರದ ಒಂದು ಸೊಸೈಟಿಯ ಮ್ಯಾನೇಜರು ಬಹಳ ಶಿಸ್ತಿನವರು. ಕೆಲಸದ ಹೊತ್ತಿನಲ್ಲಿ ನೌಕರರು ಮನೆಯವರ ಜೊತೆ ಹರಟುತ್ತಾರೆ ಎಂದು ಅವರಿಗೆ ಸಿಟ್ಟು. "ಗುಂಪಿನ ಒಳಗೆ ಮಾತ್ರ ಮಾತು. ಹೊರಗಿಂದ ಒಂದು ಫೋನೂ ಬರಬಾರದು" ಎಂದರು.

"ಯಾರಿಗಾದರೂ ವಿನಾಯಿತಿ ಬೇಕಾ ಸರ್? ನಿಮ್ಮ ಮನೆಯವರಿಗೆ?"

"ಮ್ಯಾನೇಜರಿಗೊಂದು, ಜವಾನನಿಗೊಂದು ಕಾನೂನು ನನ್ನ ಹತ್ತಿರ ಇಲ್ಲ ಮೇಡಂ" ಎಂದು ಎದೆಯುಬ್ಬಿಸಿ ಸಹಿ ಹಾಕಿದರು.

ಮರುದಿನ ಮಧ್ಯಾಹ್ನ ನನಗೊಂದು ಫೋನು. ಬೇರೆ ಯಾರದೋ ನಂಬರು, ಮ್ಯಾನೇಜರರ ದನಿ. ದನಿ ಅನ್ನುವುದಕ್ಕಿಂತ ಉಸಿರು ಅನ್ನಬೇಕು. "ಮೇಡಂ, ಬೆಳಿಗ್ಗೆಯಿಂದ ನಮ್ಮನೆಯವಳು ಏಳು ಸಲ ಮಾಡಿದ್ದಾಳೆ. ಏಳು ಸಲವೂ ನಿಮ್ಮ ಯಂತ್ರದ ಹೆಂಗಸು, 'ಈ ನಂಬರಿಗೆ ಕರೆ ಮಾಡಲು ನಿಮಗೆ ಅನುಮತಿ ಇಲ್ಲ' ಅಂದಿದ್ದಾಳಂತೆ. 'ನನಗೆ ಅನುಮತಿ ಕೊಡಲಿಕ್ಕೆ ಅವಳ್ಯಾರು' ಅಂತ ಕೇಳಿಕೊಂಡು ಹನ್ನೆರಡೂವರೆ ಬಸ್ಸಿಗೆ ಹೊರಟಿದ್ದಾಳೆ. ಈ ಫೋನಿನಿಂದ ಮಾಡಿ ಕೇಳಿದ್ದಕ್ಕೆ ಪಕ್ಕದ ಮನೆಯವರು ಹೇಳಿದರು."

"ಅರ್ಜಿ ಕೊಡಿ ಸರ್, ಈಗಲೇ ವಿನಾಯಿತಿ ಹಾಕುತ್ತೇನೆ."

"ಹಾಕಿ, ಹಾಕಿ. ಆದರೆ ಮೇಡಂ, ತಾರೀಕು ಮಾತ್ರ ನಿನ್ನೆಯದು ಇರಲಿ!"

ಯಾರಿಗೆ ಯಾರ ಹೆದರಿಕೆ

ಯಲ್ಲಾಪುರದ ಕಡೆಯ ಒಂದು ಖಾಸಗಿ ಶಾಲೆ. ಅಲ್ಲಿಯ ಹೆಡ್ ಮೇಡಂ ನಡೆದು ಬಂದರೆ ಗೋಡೆಯ ಮೇಲಿನ ಹಲ್ಲಿಯೂ ಲೊಚಗುಡುವುದಿಲ್ಲ. ಶಾಲೆಯ ಹದಿನೆಂಟು ಜನಕ್ಕೆ ಗುಂಪು ಮಾಡಲು ನಾನೇ ಹೋಗಿದ್ದೆ. ವರಾಂಡದಲ್ಲಿ ಕುಳಿತು ಪಟ್ಟಿ ಬರೆಯುತ್ತಿದ್ದರೆ, ಒಬ್ಬೊಬ್ಬರೇ ಬಂದು ಪಿಸುಗುಟ್ಟತೊಡಗಿದರು.

ಮೊದಲು ಬಸ್ಸಿನ ಡ್ರೈವರು. "ಅಕ್ಕಾ, ಹೆಡ್ ಮೇಡಂ ಫೋನು ನಂಗೆ ಬರದ ಹಾಗೆ ಮಾಡ್ಲಿಕ್ಕೆ ಆಗ್ತದಾ? ಅವರ ಹೆಸರು ಕಂಡ್ರೆ ಕೈ ನಡುಗ್ತದೆ. ಅರಬೈಲ್ ಘಟ್ಟದ ತಿರುವು, ಹಿಂದೆ ಮಕ್ಕಳು. ನೀವೇ ಹೇಳಿ."

ಆಮೇಲೆ ಗಣಿತದ ಮಾಸ್ತರು. ಹೆಡ್ ಮೇಡಂ ಫೋನು ಬಂದರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕ ಮರೆತುಹೋಗುತ್ತದಂತೆ. ಆಮೇಲೆ ಗುಮಾಸ್ತೆ. ಅವಳು ಮೇಡಂ ಕೋಣೆಯ ಕಡೆ ಕಣ್ಣು ತೋರಿಸಿ ಕೈ ಮುಗಿದಳು. ನಾನಾದರೂ ಏನು ಮಾಡಲಿ? ಗುಂಪಿನ ಒಡತಿಯ ಕರೆಯನ್ನೇ ತಡೆದರೆ ಅದನ್ನು ಗುಂಪು ಅನ್ನುತ್ತಾರಾ?

ಕೊನೆಗೆ ಹೆಡ್ ಮೇಡಂ ಒಳಗೆ ಕರೆದರು. ಅವರು ಎದ್ದು ಹೋಗಿ ಬಾಗಿಲು ಹಾಕಿದರು, ಕಿಟಕಿಯನ್ನೂ ಹಾಕಿದರು. ಎದುರಿಗೆ ಕುಳಿತು, ನನಗೂ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಹೇಳಿದರು: "ನೋಡಿ, ಒಂದು ನಂಬರಿನ ಫೋನು ಮಾತ್ರ ನನಗೆ ಬರಬಾರದು. ಅಡುಗೆಯವಳದ್ದು. ಉಪ್ಪಿಟ್ಟು ಸಪ್ಪೆ ಅಂತ ಹೋದ ವಾರ ಬಾಯಿ ತಪ್ಪಿ ಹೇಳಿಬಿಟ್ಟಿದ್ದೇನೆ."

ಬಂದ್ ಆಯ್ತಾ?

ಇದೊಂದು ನನ್ನದೇ ತಪ್ಪಿನ ಕಥೆ.

ಹುಲಗೋಳದ ಕಡೆ ಕರೆಂಟಿನ ತಂತಿ ಬದಲಿಸುವ ಗುತ್ತಿಗೆದಾರರ ತಂಡವೊಂದಿತ್ತು. ಅವರ ಗುಂಪಿಗೆ ಹೊರಗಿನ ಒಂದೇ ಒಂದು ನಂಬರು: ಕರೆಂಟು ಬಂದ್ ಮಾಡಿ ಕೊಡುವ ಆಪರೇಟರದ್ದು. ಕಂಬದ ಬುಡದಲ್ಲಿ ನಿಂತು ಹತ್ತಂಕಿ ಒತ್ತುವುದು ಬೇಡವೆಂದು, ಇಪ್ಪತ್ತೊಂದು ಒತ್ತಿದರೆ ಅಲ್ಲಿಗೇ ಹೋಗುವ ಹಾಗೆ ಮಾಡಿದ್ದೆ. ಮಾಡಿದ್ದೆ ಅಂದುಕೊಂಡಿದ್ದೆ. ಆ ನಂಬರು ತುಂಬುವಾಗ ಕೊನೆಯ ಅಂಕಿ ತಪ್ಪಿತ್ತು.

ಮೊದಲ ದಿನ ಬೆಳಿಗ್ಗೆ ಬನವಾಸಿ ಕಡೆಯ ಒಬ್ಬ ಕೆಲಸಗಾರ ಇಪ್ಪತ್ತೊಂದು ಒತ್ತಿದ. ಆ ಕಡೆ ಒಬ್ಬ ಹೆಂಗಸಿನ ದನಿ. ಹೊಸ ಮೇಡಂ ಬಂದಿರಬೇಕು ಅಂದುಕೊಂಡ.

"ಬಂದ್ ಮಾಡೀರೇನ್ರಿ?"

"ಹೌದು ತಮಾ, ಆನು ಆಗ್ಲೇ ಬಂದ್ ಮಾಡಿದ್ದಿ."

"ನಾವ್ ಹೇಳೋ ತನಕ ಮತ್ತ್ ಚಾಲೂ ಮಾಡಬ್ಯಾಡ್ರಿ ಮತ್ತ."

"ಇಲ್ಲೆ, ಇಲ್ಲೆ. ಎಂತಕ್ಕೆ ಮಾಡ್ಲಿ?"

ಆ ಮನುಷ್ಯ ಪುಣ್ಯವಂತ. ಯಾರು ಏನೇ ಹೇಳಲಿ, ಪರೀಕ್ಷೆಯ ಕೋಲು ತಾಗಿಸಿ ನೋಡದೆ ಕಂಬ ಹತ್ತುವವನಲ್ಲ. ಕೋಲು ತಾಗಿಸಿದ, ಅದು ಕೀಂ ಎಂದು ಕೂಗಿತು. ತಂತಿಯಲ್ಲಿ ಕರೆಂಟು ತುಂಬಿ ಹರಿಯುತ್ತಿತ್ತು.

ಬೇರೆ ಯಾರದೋ ಫೋನಿನಿಂದ ನನಗೆ ಕರೆ ಮಾಡಿದಾಗ ಅವನು ಬೈಯಲಿಲ್ಲ. "ಮೇಡಂ, ನನಗ ಎರಡು ಸಣ್ಣ ಮಕ್ಕಳದಾವ್ರಿ" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಂಬರು ಸರಿ ಮಾಡುವಾಗ ಒಂದೊಂದು ಅಂಕಿಯನ್ನೂ ನಾಲ್ಕು ಸಲ ಓದಿದೆ, ಪಕ್ಕದವರಿಂದ ಓದಿಸಿದೆ, ನಾನೇ ಕರೆ ಮಾಡಿ ಆಪರೇಟರ ಬಾಯಿಂದ ಅವರ ಹೆಸರು ಕೇಳಿಸಿಕೊಂಡೆ. ಅವತ್ತಿನಿಂದ ಯಾವ ಪಟ್ಟಿಯನ್ನೂ ಒಬ್ಬಳೇ ನೋಡಿ ಮುಗಿಸಿಲ್ಲ.

ಸಂಜೆ, ತಪ್ಪು ನಂಬರಿನ ಮನೆ ಹುಡುಕಿಕೊಂಡು ಹುಲಗೋಳಕ್ಕೇ ಹೋದೆ. ಎಪ್ಪತ್ತು ದಾಟಿದ ಒಬ್ಬರು ಅಮ್ಮ, ಮನೆ ತುಂಬ ಜನ. ಅವರು ಬಂದ್ ಮಾಡಿದ್ದು ಬಾವಿಯ ಪಂಪನ್ನು. ನಡೆದದ್ದನ್ನೆಲ್ಲ ಹೇಳಿ, "ಇನ್ನು ಆ ಫೋನು ಬರೂದಿಲ್ಲ, ತಪ್ಪಾಯ್ತು" ಎಂದೆ. ಅಮ್ಮನ ಮುಖ ಬಾಡಿತು.

"ಅಯ್ಯೋ, ತೆಗೆದೇಬಿಟ್ಯನೇ? ಪಂಪು ಬಂದ್ ಮಾಡಿದ್ಯ ಹೇಳಿ ಅಷ್ಟು ಕಾಳಜಿಂದ ಕೇಳೋರು ಈ ಮನೇಲಿ ಒಬ್ರೂ ಇಲ್ಲೆ!"

ಧ್ವನಿ ಸ್ಪಷ್ಟ

ನಮ್ಮ ಕಚೇರಿಯಲ್ಲಿ ಒಬ್ಬರು ಹಿರಿಯ ಸಹಾಯಕರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನಾನು ಹಳ್ಳಿಗೆ ಹೋಗಿ ಹೊಸ ಸಿಮ್ ಪರೀಕ್ಷೆ ಮಾಡುವಾಗ ಕಚೇರಿಯ ಫೋನು ಎತ್ತುವುದು ಅವರ ಕೆಲಸ. ಎತ್ತಿದರೆ ಊಟ, ತಿಂಡಿ, ಮಗಳ ಬಾಣಂತನ ಎಲ್ಲ ಮಾತಾಡುವವರು. ಒಂದು ದಿನ ತಾಳ್ಮೆಗೆಟ್ಟು ನಾನು ಗದರಿಸಿದೆ: "ಪರೀಕ್ಷೆಯ ಕರೆ ಬಂದರೆ 'ಸಂಪರ್ಕ ಸರಿಯಾಗಿದೆ' ಅನ್ನಿ, ಇಡಿ, ರಿಜಿಸ್ಟರಿನಲ್ಲಿ ಬರೆಯಿರಿ. ನಾನು ಏನೇ ಹೇಳಿದರೂ ಮಾತು ಬೆಳೆಸಬೇಡಿ." ಪಾಪ, ಮುಖ ಸಣ್ಣ ಮಾಡಿಕೊಂಡು ಹೂಂಗುಟ್ಟಿದರು.

ಮರುದಿನವೇ ಚಂದಗುಳಿಯ ಹತ್ತಿರ ಒಂದು ಟವರಿನ ಕೆಲಸ. ಜೀಪಿನ ಡ್ರೈವರು, "ಇಲ್ಲೀವರೆಗೆ ಬಂದು ಗಂಟೆ ಗಣಪತಿಗೆ ಕೈ ಮುಗಿಯದೆ ಹೋಗೂದಾ?" ಎಂದು ದೇವಸ್ಥಾನಕ್ಕೆ ಹೋದ. ನನ್ನ ಫೋನು ಜೀಪಿನಲ್ಲೇ ಚಾರ್ಜಿಗೆ ಹಾಕಿತ್ತು. ಕೈಯಲ್ಲಿದ್ದದ್ದು ಪರೀಕ್ಷೆಯ ಫೋನು ಮಾತ್ರ. ನಾನೇ ಕಟ್ಟಿದ ಗುಂಪು, ಅದರಲ್ಲಿ ಎರಡೇ ನಂಬರು: ಈ ಫೋನು, ಮತ್ತು ಕಚೇರಿಯ ಮೇಜಿನದ್ದು.

ಟವರಿನ ಬುಡದ ಯಂತ್ರದ ಕೋಣೆಯೊಳಗೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಹಿಂದೆ ಏನೋ ಸರಿದ ಸದ್ದು. ತಿರುಗಿದರೆ ಹೊಸ್ತಿಲಿನ ಉದ್ದಕ್ಕೂ ಹಾವು. ನನ್ನ ಕಣ್ಣಿಗೆ ಅದು ಕಾಳಿಂಗವೇ. ಹೊರಗೆ ಹೋಗಲು ಬೇರೆ ದಾರಿ ಇಲ್ಲ. ಅಲ್ಲಿದ್ದ ಸ್ಟೂಲು ಹತ್ತಿ ನಿಂತೆ. ತುರ್ತಿನ ನಂಬರು ನೂರಾಹನ್ನೆರಡಕ್ಕೆ ಯಾವ ಗುಂಪಿನ ಬೇಲಿಯೂ ಇಲ್ಲ, ಯಾವ ಫೋನಿನಿಂದಲೂ ಹೋಗುತ್ತದೆ. ಇದನ್ನು ಊರಿಗೆಲ್ಲ ಹೇಳಿಕೊಟ್ಟವಳು ನಾನು. ಆ ಹೊತ್ತಿನಲ್ಲಿ ನನಗದು ನೆನಪಾಗಬೇಕಲ್ಲ! ಕಚೇರಿಗೆ ಒತ್ತಿದೆ.

"ಹಾವು! ಬಾಗಿಲಲ್ಲಿ ಹಾವು!"

"ಸಂಪರ್ಕ ಸರಿಯಾಗಿದೆ" ಎಂದು ಇಟ್ಟರು.

ಮತ್ತೆ ಒತ್ತಿದೆ. "ಇಡಬೇಡಿ! ಡ್ರೈವರಿಗೆ ಫೋನ್ ಮಾಡಿ! ಹಾವು ಬಂದಿದೆ!"

"ಸಂಪರ್ಕ ಸರಿಯಾಗಿದೆ ಮೇಡಂ" ಎಂದು, ಸ್ವಲ್ಪ ಮರ್ಯಾದೆ ಸೇರಿಸಿ, ಇಟ್ಟರು.

ಮೂರನೆಯ ಸಲ ಬರೀ ಅಳು. ಅದಕ್ಕೂ ಸಂಪರ್ಕ ಸರಿಯಾಗಿಯೇ ಇತ್ತು.

ಅರ್ಧ ಗಂಟೆಯ ಮೇಲೆ ಡ್ರೈವರು ಪ್ರಸಾದ ಹಿಡಿದುಕೊಂಡು ಬಂದ. ಹೊಸ್ತಿಲು ನೋಡಿದ, ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿದ. "ಮೇಡಂ, ಇದು ಕೇರೆ" ಎಂದು ಕಾಲು ಅಪ್ಪಳಿಸಿದ. ಅದು ನನಗಿಂತ ಹೆದರಿ ಓಡಿತು.

ಸಿಟ್ಟಿನಿಂದ ಕುದಿಯುತ್ತ ಕಚೇರಿಗೆ ಬಂದೆ. ಸಹಾಯಕರು ಎದ್ದು ನಿಂತು ರಿಜಿಸ್ಟರು ಮುಂದಿಟ್ಟರು. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು:

"ಮೊದಲ ಕರೆ: ಧ್ವನಿ ಸ್ಪಷ್ಟ. ಎರಡನೆಯ ಕರೆ: ಧ್ವನಿ ಅತಿ ಸ್ಪಷ್ಟ. ಮೂರನೆಯ ಕರೆ: ಮೇಡಂ ಅವರು ಸಂತೋಷದಿಂದ ಕಣ್ಣೀರು ಹಾಕಿದರು."