ಬಂಗುಡೆ ಬೋಟು ತೋರಿಸಿದ ಸ್ಕೋಪಿಗೆ ಒಂದು ಅಹವಾಲು

ದೂರದ ಗುರಿಯನ್ನು ಹತ್ತಿರ ತೋರಿಸಲೆಂದು ನನ್ನ ಬಂದೂಕಿನ ನೆತ್ತಿಯೇರಿ ಕುಳಿತಿರುವ ಮಾನ್ಯ ಸ್ಕೋಪ್ ಮಹಾಶಯರೇ,

ಭಟ್ಕಳ ತಾಲ್ಲೂಕು ಹೆಬಳೆಯ ದಿನೇಶನಾದ ನಾನು, ತಮ್ಮ ಎರಡೂ ಗಾಜುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಣ್ಣು ಬಹಳ ಚುರುಕು, ಅದೇ ನನ್ನ ದೂರು.

ತಮ್ಮನ್ನು ಆರಿಸಿದವನು ನಾನೇ, ಒಪ್ಪುತ್ತೇನೆ. ಜರ್ಮನಿಯ ಸ್ಕೋಪುಗಳ ಬೆಲೆ ಕೇಳಿದ ಮೇಲೆ, ಅವುಗಳ ನೆತ್ತಿಯ ಮೇಲೆ ಬಂದೂಕನ್ನು ಕೂರಿಸುವುದೇ ನ್ಯಾಯವೆನಿಸಿ, ಕೈಗೆಟುಕುವ ಮೂರನ್ನು ನೋಡಿ ಹಿಂದಿರುಗಿಸುವ ಕರಾರಿನ ಮೇಲೆ ಅಂಗಡಿಯಿಂದ ತಂದು, ಹೊನ್ನಾವರದ ಅಳಿವೆಯಲ್ಲಿ ಒಳಬರುವ ಬೋಟುಗಳ ಹೆಸರು ಓದುತ್ತ ಕೂತೆ. ಕರಾವಳಿಯವರಿಗೆ ದೂರದ ಗಾಜಿನ ಪರೀಕ್ಷೆಯೆಂದರೆ ಅದೊಂದೇ. ನೂರು ಗುಂಡು ಹಾರಿದರೂ ಗುರಿ ಕದಲದ ಸ್ಕೋಪ್ ಕೊಳ್ಳು ಎಂದು ನಮ್ಮ ತರಬೇತುದಾರ ಶ್ರೀಧರ ಮಾಸ್ತರರು ಬಡಕೊಂಡದ್ದನ್ನು ಮರೆತು, ಬೋಟಿನ ಹೆಸರಿನ ಜೊತೆಗೆ ಅದನ್ನು ನಡೆಸುವ ತಾಂಡೇಲನ ಮೀಸೆಯನ್ನೂ ತೋರಿಸಿದ ತಮಗೆ ಮನಸೋತೆ.

ಕಳೆದ ಭಾನುವಾರ ಕುಮಟಾದ ಗುಡ್ಡದ ಮೇಲೆ ಮುನ್ನೂರು ಮೀಟರ್ ಗುರಿ ಹೊಡೆಯುವ ಸ್ಪರ್ಧೆ. ರಾಜ್ಯಮಟ್ಟಕ್ಕೆ ಇದ್ದದ್ದು ಒಂದೇ ಜಾಗ. ಅದಕ್ಕಾಗಿ ನಾನು ಹನ್ನೊಂದು ವರ್ಷ ಕಾದಿದ್ದೇನೆ. ಕೊನೆಯ ಗುಂಡೊಂದು ಬಾಕಿಯಿದ್ದಾಗ ನಾನೇ ಮುಂದಿದ್ದೆ, ಅಷ್ಟರಲ್ಲಿ ಚಹಾದ ವಿರಾಮ ಬಂತು. ನನಗೆ ಧೈರ್ಯ ತುಂಬಲೆಂದೇ ಬಂದಿದ್ದ, ಮೀನು ಮಾರುವ ನೆರೆಮನೆಯ ಸುಬ್ಬಕ್ಕ, ಗುಡ್ಡದಿಂದ ಕಡಲು ಕಂಡದ್ದೇ ತಡ, ಬಂಗುಡೆ ಬಂತೋ ಇಲ್ಲವೋ ನೋಡಬೇಕೆಂದರು. ನಮ್ಮಲ್ಲಿ ಮೀನಿನ ಸುದ್ದಿಯನ್ನು ಯಾರಿಗೂ ಇಲ್ಲವೆನ್ನುವ ಪದ್ಧತಿಯಿಲ್ಲವಾದ್ದರಿಂದ ತಮ್ಮನ್ನು ಕಳಚಿ ಅವರ ಕೈಗಿತ್ತೆ. ನಾನು ಚಹಾದತ್ತ ಮುಖ ಮಾಡಿದ್ದಾಗ ಅವರು “ಎಂತದಾ ದಿನೇಶಾ, ಬರೀ ಮಬ್ಬೇ ಕಾಣ್ತದೆ” ಎನ್ನುತ್ತ, ಹಳೇ ರೇಡಿಯೊದ ಕಿವಿ ಹಿಂಡಿದಂತೆ ತಮ್ಮ ಪಕ್ಕದ ತಿರುಪನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರು. ಅದು ಮಬ್ಬು ಕಳೆಯುವ ತಿರುಪಲ್ಲ, ಗುರಿಯನ್ನು ಎಡಬಲಕ್ಕೆ ಸರಿಸುವ ತಿರುಪು ಎಂದು ತಾವು ಒಂದು ಮಾತು ಹೇಳಬಹುದಿತ್ತು. ತಾವೋ ದೂರದ ಬೋಟೊಂದರಲ್ಲಿ ಎರಡು ಬುಟ್ಟಿ ಬಂಗುಡೆ ತೋರಿಸಿ, ಏನೂ ಅರಿಯದವರಂತೆ ಬಂದೂಕಿನ ಮೇಲೆ ಮರಳಿ ಕೂತಿರಿ.

ಉಸಿರು ಬಿಗಿಹಿಡಿದು ನಾನು ಹಾರಿಸಿದ ಗುಂಡು ನಟ್ಟನಡುವಿನ ಬೊಟ್ಟಿಗೇ ಬಡಿಯಿತು, ಆದರೆ ನನ್ನ ಪಕ್ಕದಲ್ಲೇ ನಿಂತು ಅಂಕದಲ್ಲಿ ನನ್ನ ಬೆನ್ನಿಗಿದ್ದ ಸುಶ್ಮಿತಾಳ ಗುರಿಹಲಗೆಯ ಬೊಟ್ಟಿಗೆ. ಅವಳ ಗುಂಡು ಅದೇ ಹಲಗೆಯ ಅಂಚನ್ನು ಆಗಲೇ ತೂತು ಮಾಡಿತ್ತು. ಯಾವ ತೂತು ಯಾರದೆಂದು ಗೊತ್ತಾಗದಿದ್ದರೆ ಹಲಗೆ ಯಾರದೋ ಅವರಿಗೇ ಹೆಚ್ಚಿನ ಅಂಕ ಎಂಬ ನಿಯಮದಂತೆ ನನ್ನ ಹತ್ತು ಅಂಕ ಅವಳದಾಯಿತು, ನನ್ನ ಪಾಲಿಗೆ ಸೊನ್ನೆ ಬಂತು, ರಾಜ್ಯಮಟ್ಟದ ಜಾಗವೂ ಅವಳಿಗೇ ಹೋಯಿತು. ನಾನು ಅಲ್ಲೇ ಕೂತು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆದಕಾರಣ ತಾವು ದಯಮಾಡಿ ತೀರ್ಪುಗಾರರ ಮುಂದೆ ಖುದ್ದು ಹಾಜರಾಗಿ ಆ ಗುಂಡು ನನ್ನದೆಂದು ಪ್ರಮಾಣ ಮಾಡಬೇಕು. ಇನ್ನು ಮುಂದೆ ಬಂದೂಕಿನವನಲ್ಲದ ಯಾರೇ ಕಣ್ಣಿಟ್ಟರೂ ತಮ್ಮ ಕಣ್ಣು ಮುಚ್ಚಿಕೊಳ್ಳಬೇಕು. ಎರಡೂ ಆಗದಿದ್ದರೆ ಬಂದರಿಗೆ ಹೋಗಿ ಅಲ್ಲೇ ಒಂದು ನೌಕರಿ ಹಿಡಿಯಬೇಕು. ತಮ್ಮಂಥ ಪ್ರತಿಭಾವಂತರು ಗುರಿ ಹೊಡೆಯುವವನ ಮನೆಯಲ್ಲಿ ಕೊಳೆಯುವುದು ನಾಡಿಗೇ ನಷ್ಟ.

ಬೇರೆ ಸ್ಕೋಪ್ ಕೊಳ್ಳುವ ಗತಿಯಿಲ್ಲದ್ದರಿಂದ ಈಗಲೂ
ತಮ್ಮ ವಿಶ್ವಾಸಿ,
ದಿನೇಶ

ತಾ.ಕ.: ಸುಶ್ಮಿತಾ ನಿನ್ನೆ ಮನೆಗೆ ಬಂದು ಸಿಹಿ ಕೊಟ್ಟುಹೋದಳು. ರಾಜ್ಯಮಟ್ಟದಲ್ಲೂ ನನ್ನನ್ನು ತನ್ನ ಪಕ್ಕದಲ್ಲೇ ನಿಲ್ಲಿಸಬೇಕೆಂದು ಸಂಘಕ್ಕೆ ಅರ್ಜಿ ಹಾಕಿದ್ದಾಳಂತೆ. ಸುಬ್ಬಕ್ಕನಿಗೆ ರೈಲಿನ ಟಿಕೆಟ್ಟನ್ನು ಈಗಾಗಲೇ ತೆಗೆಸಿದ್ದಾಳೆ.